ದೊಡ್ಡಪ್ಪನ ಫಾರ್ವರ್ಡ್, ಮನೆಮಂದಿಯ ಜಗಳ

ದೊಡ್ಡಪ್ಪ (ಫಾರ್ವರ್ಡ್): ಗಂಡುಮಗುವಿನ ಬೀಜ (ವೃಷಣ) ಕೆಳಗಿನ ಚೀಲಕ್ಕೆ ಇಳಿದಿಲ್ಲವೇ? ಹರಳೆಣ್ಣೆ ಹಚ್ಚಿ ನೀವಿ. ಎಂಟು ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. ಆಪರೇಷನ್ ಎಲ್ಲ ದುಡ್ಡಿನಾಟ. ಎಲ್ಲರಿಗೂ ಕಳಿಸಿ.

ಸುಮಾ ಅತ್ತೆ: ಅಣ್ಣಾ, ಹೆಂಗಸರು ಮಕ್ಕಳು ಇರುವ ಗುಂಪಿನಲ್ಲಿ ಇದೆಲ್ಲ ಯಾಕೆ?

ಅನು: ಅತ್ತೆ, ಹೀಗೆ ನಾಚಿಕೊಂಡೇ ಎಷ್ಟೋ ಮನೆಯಲ್ಲಿ ತಡವಾಗುವುದು. ನಮ್ಮ ಆಸ್ಪತ್ರೆ ವಾರ್ಡಿನಲ್ಲಿ ನೋಡುತ್ತಲೇ ಇರುತ್ತೇನೆ. ದೊಡ್ಡಪ್ಪಾ, ಇದು ತಪ್ಪು ಮಾಹಿತಿ. ಇಳಿಯುವುದಿದ್ದರೆ ಮೊದಲ ಆರು ತಿಂಗಳಲ್ಲಿ ಇಳಿಯುತ್ತದೆ. ಆಮೇಲೆ ಅಪರೂಪ. ದಿನ ತುಂಬದೆ ಹುಟ್ಟಿದ್ದರೆ ಡಾಕ್ಟರ್ ಕೊಟ್ಟಿದ್ದ ಹೆರಿಗೆ ತಾರೀಖಿನಿಂದ ಲೆಕ್ಕ ಹಾಕಬೇಕು. ಇಳಿಯದಿದ್ದರೆ ಒಂದೂವರೆ ವರ್ಷದೊಳಗೆ ಆಪರೇಷನ್ ಮುಗಿಸುತ್ತಾರೆ.

ದೊಡ್ಡಪ್ಪ: ನಮ್ಮ ಪಕ್ಕದ ಮನೆ ಹುಡುಗನಿಗೆ ಐದು ವರ್ಷಕ್ಕೆ ಇಳಿಯಿತಲ್ಲ? ಎಣ್ಣೆಯಿಂದಲೇ.

ಅನು: ಅವನ ಬೀಜ ಬಿಸಿನೀರು ಬಿದ್ದಾಗ ಇಳಿದು ಚಳಿಗೆ ಮೇಲೆ ಹೋಗುತ್ತಿತ್ತೇನೋ. ಅದು ಬೇರೆ. ಅದಕ್ಕೆ ಆಪರೇಷನ್ ಬೇಡ, ವರ್ಷಕ್ಕೊಮ್ಮೆ ತೋರಿಸಿದರೆ ಸಾಕು.

ಕಿರಣ್: ಒಂದು ಸರಿ ಇದ್ದರೆ ಸಾಕಲ್ವಾ?

ಅನು: ಮಕ್ಕಳಾಗುವುದಕ್ಕೆ ಬಹಳಷ್ಟು ಸಲ ಸಾಕು. ಆದರೆ ಇನ್ನೊಂದನ್ನು ಹಾಗೇ ಬಿಡುವಂತಿಲ್ಲ. ಚೀಲದೊಳಗೆ ಮೈಗಿಂತ 2-3 ಡಿಗ್ರಿ ತಂಪು. ಮೇಲೆಯೇ ಉಳಿದರೆ ಆ ಬಿಸಿಗೆ ಬೀಜ ಕೆಡುತ್ತದೆ. ಮುಂದೆ ಕ್ಯಾನ್ಸರ್ ಅಪಾಯವೂ ಜಾಸ್ತಿ. ಸ್ವೀಡನ್ನಿನಲ್ಲಿ 2007ರಲ್ಲಿ ಬಂದ ಲೆಕ್ಕ ಇದೆ: 13 ವರ್ಷದೊಳಗೆ ಆಪರೇಷನ್ ಆದವರಿಗೆ ಬೇರೆಯವರಿಗಿಂತ ಸುಮಾರು ಎರಡು ಪಟ್ಟು, ಆಮೇಲೆ ಆದವರಿಗೆ ಐದು ಪಟ್ಟು. ಕ್ಯಾನ್ಸರೇ ಅಪರೂಪದ್ದು, ಸುಮ್ನೆ ಹೆದರಬೇಡಿ. ತಡ ಮಾಡಬೇಡಿ ಅಷ್ಟೇ.

ಸೌಮ್ಯ: ಅನು ಅಕ್ಕಾ, ನಮ್ಮ ಪುಟ್ಟನಿಗೆ ಎಂಟು ತಿಂಗಳು. ಬಲಗಡೆ ಕೈಗೆ ಸಿಗುತ್ತಿಲ್ಲ. ಸ್ಕ್ಯಾನ್ ಮಾಡಿಸಿಕೊಂಡು ಹೋಗಲಾ?

ಸುಮಾ ಅತ್ತೆ: ಅಯ್ಯೋ, ನನಗೂ ಹೇಳಲಿಲ್ಲವಲ್ಲೇ!

ಅನು: ಸ್ಕ್ಯಾನ್ ಬೇಡ ಸೌಮ್ಯ. ಅದರಲ್ಲಿ ಕಾಣದಿದ್ದರೂ ಒಳಗೆ ಇರಬಹುದು. ನೇರವಾಗಿ ಮಕ್ಕಳ ಸರ್ಜನ್‌ಗೆ ತೋರಿಸು, ಅವರು ಮುಟ್ಟಿ ನೋಡುತ್ತಾರೆ. ತೊಡೆಸಂದಿಯಲ್ಲಿ ಸಿಕ್ಕರೆ ಅಲ್ಲೇ ಸಣ್ಣದಾಗಿ ಕೊಯ್ದು, ಕೆಳಗಿಳಿಸಿ, ಚೀಲದೊಳಗೆ ಹೊಲಿಯುತ್ತಾರೆ. ಎಷ್ಟೋ ಮಕ್ಕಳು ಅದೇ ದಿನ ಮನೆಗೆ ಹೋಗುತ್ತವೆ. ಸಿಗದಿದ್ದರೆ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ಹುಡುಕುತ್ತಾರೆ.

ದೊಡ್ಡಪ್ಪ: ಅಷ್ಟು ಎಳೆ ಕೂಸಿಗೆ ಅರಿವಳಿಕೆ ಕೊಡುತ್ತಾರಾ?

ಅನು: ಇದು ಕೇಳಬೇಕಾದ ಪ್ರಶ್ನೆ. ಮಕ್ಕಳಿಗೆ ಅರಿವಳಿಕೆ ಕೊಟ್ಟು ಅಭ್ಯಾಸ ಇರುವ ಡಾಕ್ಟರ್ ಇರುವ ಕಡೆಯೇ ಮಾಡಿಸಬೇಕು.

ಸೌಮ್ಯ: ಮುಂದಿನ ತಿಂಗಳು ದಡಾರದ ಲಸಿಕೆಗೆ ಹೋದಾಗ ಕೇಳುತ್ತೇನೆ.

ಅನು: ಅಲ್ಲಿವರೆಗೆ ಯಾಕೆ? ಈ ವಾರವೇ ಹೋಗು.

ದೊಡ್ಡಪ್ಪ: ಹೋಗಲಿ. ಆದರೆ ಎಣ್ಣೆ ಹಚ್ಚಿದರೆ ನಷ್ಟವೇನು?

ಅನು: ಮೈಗೆಲ್ಲ ಹಚ್ಚಿ ದೊಡ್ಡಪ್ಪಾ. ಅಲ್ಲಿ ಮಾತ್ರ ನೀವಬೇಡಿ.