ಸಹಾಯ ಬೇಕು: ಲಕ್ಷಣಗಳಿಲ್ಲದಿದ್ದರೂ ಮೂತ್ರದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆಯಲ್ಲಿರುವ ನಮ್ಮ ತಾಯಿಯವರಿಗೆ 64 ವರ್ಷ, ಸಕ್ಕರೆ ಕಾಯಿಲೆಯಿದೆ. ಕಾಫಿ ಕೊಯ್ಲಿನ ಸಮಯದಲ್ಲಿ (ತೋಟದಲ್ಲಿ ಶೌಚಾಲಯವಿಲ್ಲವೆಂದು ಹೆಂಗಸರು ನೀರನ್ನೇ ಕುಡಿಯದೆ ದಿನ ಕಳೆಯುವುದು ನಮ್ಮ ಕಡೆ ಹೊಸತಲ್ಲ) ಅವರಿಗೆ ಉರಿಮೂತ್ರ, ಚಳಿಜ್ವರ ಕಾಣಿಸಿಕೊಂಡು, ಕಲ್ಚರ್‌ನಲ್ಲಿ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಬಂದ ಮೇಲೆ ವೈದ್ಯರು ಬರೆದುಕೊಟ್ಟ ಆಂಟಿಬಯಾಟಿಕ್ ಕೋರ್ಸನ್ನು ಪೂರ್ತಿ ಮುಗಿಸಿದೆವು. ಈಗ ಉರಿ, ಜ್ವರ, ಸೊಂಟನೋವು ಯಾವುದೂ ಇಲ್ಲ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ 0.9, ಅಂದರೆ ಸರಿಯಾಗಿಯೇ ಇದೆ, ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡಿಲ್ಲ. ಆದರೂ ಮತ್ತೆ ಮಾಡಿಸಿದ ಕಲ್ಚರ್ ವರದಿಯಲ್ಲಿ ಅದೇ ಬ್ಯಾಕ್ಟೀರಿಯಾ, ಮಿಲಿಲೀಟರಿಗೆ 1,00,000ಕ್ಕಿಂತ ಹೆಚ್ಚು ಎಂದಿದೆ.

ಮೊದಲಿನ ವೈದ್ಯರು ಇನ್ನೊಂದು ಕೋರ್ಸ್ ಬರೆದಿದ್ದಾರೆ. ಚಿಕ್ಕಮಗಳೂರಿನ ಮತ್ತೊಬ್ಬರು, ಗರ್ಭಿಣಿಯರು ಹಾಗೂ ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಹೊರಟವರನ್ನು ಬಿಟ್ಟರೆ, ಲಕ್ಷಣಗಳಿಲ್ಲದಾಗ ಸಾಮಾನ್ಯವಾಗಿ ಔಷಧ ಬೇಕಿಲ್ಲ, ಸುಮ್ಮನೆ ಕೊಟ್ಟರೆ ಮುಂದೆ ನಿಜವಾಗಿ ಬೇಕಾದಾಗ ಆ ಔಷಧ ನಾಟುವುದಿಲ್ಲ ಎನ್ನುತ್ತಾರೆ. ಇದರ ಮೇಲೆ, ಬೆಳಗಿನ ಬಸ್ಸಿನಲ್ಲಿ ಕಳುಹಿಸಿದ ಮೂತ್ರದ ಡಬ್ಬಿ ಲ್ಯಾಬ್ ತಲುಪಿದ್ದು ಮಧ್ಯಾಹ್ನ; ಮಾದರಿಯನ್ನು ತಣ್ಣಗಿಡದೆ ತಡಮಾಡಿದರೆ ಅದರೊಳಗೇ ಬ್ಯಾಕ್ಟೀರಿಯಾ ಹೆಚ್ಚುತ್ತದೆ ಎಂದೂ ಅವರೇ ಹೇಳಿದರು.

ಲಕ್ಷಣಗಳಿಲ್ಲದಾಗ ಔಷಧ ಬೇಕಿಲ್ಲ ಎಂಬ ಮಾತು ಸಕ್ಕರೆ ಕಾಯಿಲೆಯಿರುವವರಿಗೂ ಅನ್ವಯಿಸುತ್ತದೆಯೇ? ಎರಡನೆಯ ಕೋರ್ಸ್ ಆರಂಭಿಸುವ ಮುನ್ನ ಹಾಸನಕ್ಕೆ ಕರೆದೊಯ್ದು ಅಲ್ಲಿಯೇ ಮಾದರಿ ಕೊಟ್ಟು ಕಲ್ಚರ್ ಮಾಡಿಸುವುದು ಸರಿಯೇ, ಮತ್ತು ತೋರಿಸಬೇಕಾದದ್ದು ನೆಫ್ರಾಲಜಿಸ್ಟರಿಗೋ (ಕಿಡ್ನಿ ಕಾಯಿಲೆಗಳ ತಜ್ಞರು), ಯೂರಾಲಜಿಸ್ಟರಿಗೋ (ಮೂತ್ರಾಂಗಗಳ ಶಸ್ತ್ರಚಿಕಿತ್ಸಾ ತಜ್ಞರು)? ತಿಳಿದವರು ದಯವಿಟ್ಟು ತಿಳಿಸಿ.