ಪದಚರ್ಚೆ: ಗಣಗಳ ‘ಕನ್‌ಸ್ಟ್ರೇಂಟ್ ಸಾಲ್ವರ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ:
ಮಾನ್ಯರೇ, ಪ್ರೊಲಾಗ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಗಣಗಳ (ಸೆಟ್‌ಗಳ) ಕನ್‌ಸ್ಟ್ರೇಂಟ್ ಸಾಲ್ವರ್, ಎಂದರೆ ಹಾಕಿದ ಷರತ್ತುಗಳಿಗೆಲ್ಲ ಒಪ್ಪುವ ಗಣಗಳನ್ನು ಹುಡುಕುವ ಪ್ರೋಗ್ರಾಮ್, ಕಟ್ಟುವ ಬಗೆಯನ್ನು ವಿವರಿಸುವ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳಿದ್ದು ಅದು ಅಚ್ಚಿಗೆ ಹೋಗಬೇಕು. ಬೆಲೆ ಇನ್ನೂ ನಿರ್ಧಾರವಾಗದ ಗಣವನ್ನು ಇಲ್ಲಿ ಎರಡು ಗಣಗಳ ನಡುವೆ ಹಿಡಿದಿಡುತ್ತಾರೆ: ಕೆಳಮಿತಿಯಲ್ಲಿ ಖಂಡಿತವಾಗಿ ಸೇರಿದ ಅಂಶಗಳಿರುತ್ತವೆ, ಮೇಲ್ಮಿತಿಯಲ್ಲಿ ಸೇರಬಹುದಾದವೆಲ್ಲ ಇರುತ್ತವೆ. ಕನ್‌ಸ್ಟ್ರೇಂಟ್‌ಗೂ ‘ಮಿತಿ’ ಎನ್ನೋಣವೆಂದರೆ ಇವುಗಳ ಜೊತೆ ಗೊಂದಲವಾಗುತ್ತದೆ. ತಮ್ಮ ಸಲಹೆ ಏನು?

ಉತ್ತರ 1:
‘ಕಟ್ಟು’ ಎನ್ನಿ, ಸಾಲ್ವರ್‌ಗೆ ‘ಬಿಡಿಸುಕ’. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜೀವಂತವಾಗಿರುವ ಬೇರು ಇದು. ‘ನಿರ್ಬಂಧ’ ಎಂಬ ಸಲಹೆ ಬಂದೇ ಬರುತ್ತದೆ, ಅದು ಬೇಡ. ಹಾಗೆಯೇ ‘ಗಣ’ವನ್ನು ಛಂದಸ್ಸಿನವರಿಗೆ ಬಿಟ್ಟುಕೊಟ್ಟು ‘ಕೂಟ’ ಎಂದು ಬರೆಯಿರಿ.

ಉತ್ತರ 2:
ಶಾಲೆಯಲ್ಲಿ ಗಣ, ಉಪಗಣ, ಶೂನ್ಯಗಣ ಎಂದು ಕಲಿತವರಿಗೆ ‘ಕೂಟ’ವನ್ನು ಮತ್ತೆ ಕಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ‘ಕಟ್ಟು ಬಿಡಿಸುವುದು’ ಕಿವಿಗೆ ಇಂಪಾಗಿದ್ದರೂ ಅರ್ಥದಲ್ಲಿ ತಲೆಕೆಳಗು: ಬಿಡಿಸಿದರೆ ಕಟ್ಟೇ ಉಳಿಯುವುದಿಲ್ಲ, ಆದರೆ ಸಾಲ್ವರ್ ಅದನ್ನು ಉಳಿಸಿಕೊಂಡೇ ಅದಕ್ಕೆ ಒಪ್ಪುವ ಬೆಲೆಯನ್ನು ಹುಡುಕುತ್ತದೆ.

ಕನ್ನಡದಲ್ಲಿ ‘ನಿರ್ಬಂಧ’ಕ್ಕೆ ತಡೆ, ಒತ್ತಾಯ ಎಂಬ ಎರಡು ಅರ್ಥಗಳೂ ಇವೆ, ಇಲ್ಲಿ ಎರಡೂ ಬೇಕು. ಒಂದು ಗಣವು ಇನ್ನೊಂದರ ಉಪಗಣವೆಂದು ಬರೆದೊಡನೆ, ಎರಡನೆಯದರ ಮೇಲ್ಮಿತಿಯಲ್ಲಿ ಇಲ್ಲದ ಅಂಶಗಳು ಮೊದಲನೆಯದರ ಮೇಲ್ಮಿತಿಯಿಂದ ಉದುರಿಹೋಗುತ್ತವೆ, ಮೊದಲನೆಯದರ ಕೆಳಮಿತಿಯಲ್ಲಿರುವ ಅಂಶಗಳು ಎರಡನೆಯದರ ಕೆಳಮಿತಿಯನ್ನು ಸೇರಲೇಬೇಕಾಗುತ್ತದೆ. ಉದುರಿಸುವುದು ತಡೆ, ಸೇರಿಸುವುದು ಒತ್ತಾಯ. ಎರಡು ಮಿತಿಗಳ ನಡುವೆ ಇನ್ನೂ ಅಂಶಗಳು ಉಳಿದಿದ್ದರೆ ನಿರ್ಬಂಧವು ಚರಾಕ್ಷರಕ್ಕೆ ಅಂಟಿಕೊಂಡು ಮಲಗಿರುತ್ತದೆ, ಮಿತಿ ಬದಲಾದಾಗ ಎದ್ದು ಮತ್ತೆ ಕೆಲಸ ಮಾಡುತ್ತದೆ. ಅದರಿಂದಲೂ ತೀರ್ಮಾನವಾಗದಿದ್ದರೆ ಒಂದು ಅಂಶವನ್ನು ಆರಿಸಿ, ಅದು ‘ಸೇರಿದೆ’ ಎಂದು ಒಮ್ಮೆ, ‘ಸೇರಿಲ್ಲ’ ಎಂದು ಇನ್ನೊಮ್ಮೆ ಪ್ರೊಲಾಗ್ ಹಿಂದೆ ಸರಿದು ನೋಡುತ್ತದೆ. ಎಕ್ಲಿಪ್ಸ್ (ಜಾವಾ ಬರೆಯುವವರ ಎಕ್ಲಿಪ್ಸ್ ಅಲ್ಲ, ತರ್ಕಭಾಷೆಯದು) ವ್ಯವಸ್ಥೆಗಾಗಿ ಕಾರ್ಮೆನ್ ಜರ್ವೆ ರೂಪಿಸಿದ ‘ಕಂಜುಂಟೊ’ ಎಂಬ ಗಣಗಳ ಸಾಲ್ವರ್ ನಡೆಯುವುದು ಈ ಮಿತಿಗಳ ಮೇಲೆಯೇ. ‘ನಿರ್ಬಂಧ ಪರಿಹಾರಕ’ ಎಂದರೆ ಸಾಕು.

ಉತ್ತರ 1-ರವರಿಂದ ಮತ್ತೆ:
ಸಂಸ್ಕೃತದಲ್ಲಿ ‘ನಿರ್ಬಂಧ’ವೆಂದರೆ ಹಠ. ‘ಪರಿಹಾರ’ ಬೆಳೆಹಾನಿಗೆ ಸರ್ಕಾರ ಕೊಡುವಂಥದ್ದು. ಎರಡನ್ನೂ ಸೇರಿಸಿ ತಾವು ವಿಜ್ಞಾನ ಬರೆಯುತ್ತೀರಿ.

ಉತ್ತರ 3:
‘ಪ್ರೊಲಾಗ್’ ಅನ್ನು ಯಾರೂ ಅನುವಾದಿಸುತ್ತಿಲ್ಲ. 1972ರ ಸುಮಾರಿಗೆ ಮಾರ್ಸೇಯಲ್ಲಿ ಹುಟ್ಟಿದ ಹೆಸರನ್ನು ಹಾಗೆಯೇ ಒಪ್ಪಿದವರು ‘ಕನ್‌ಸ್ಟ್ರೇಂಟ್’ ಕಂಡೊಡನೆ ಮಡಿಯುಡುವುದೇಕೆ? ಬ್ಯಾಂಕು, ಬಸ್ಸು ಬಂದ ದಾರಿಯಲ್ಲಿ ಇದೂ ಬರಲಿ.

ಉತ್ತರ 2-ರವರಿಂದ ಮತ್ತೆ:
ಪ್ರೊಲಾಗ್ ಅಂಕಿತನಾಮ, ಕನ್‌ಸ್ಟ್ರೇಂಟ್ ಅಲ್ಲ. ‘ಕನ್‌ಸ್ಟ್ರೇಂಟಿಸಲ್ಪಟ್ಟ ಗಣ’ ಎಂದು ಒಮ್ಮೆ ಬರೆದು ನೋಡಿ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ವಂದನೆಗಳು. ಅಚ್ಚಿಗೆ ‘ನಿರ್ಬಂಧ’, ‘ನಿರ್ಬಂಧ ಪರಿಹಾರಕ’ ಎಂದೇ ಕಳುಹಿಸುತ್ತಿದ್ದೇನೆ, ‘ಗಣ’ ಗಣವಾಗಿಯೇ ಉಳಿಯುತ್ತದೆ. ಒಂದು ಗಣದ ಮಿತಿ ಬದಲಾದ ಸುದ್ದಿ ನಿರ್ಬಂಧಗಳ ಮೂಲಕ ಉಳಿದ ಗಣಗಳಿಗೆ ಹಬ್ಬುವ ಕ್ರಿಯೆಗೆ ‘ಪ್ರಸರಣ’ ಎಂದು ಬರೆದಿದ್ದೇನೆ. ಆಕ್ಷೇಪವಿದ್ದವರು ನಾಳೆ ಸಂಜೆಯೊಳಗೆ ತಿಳಿಸಬೇಕಾಗಿ ವಿನಂತಿ.