ಆಸ್ಟಿನ್‌ನಲ್ಲಿ ಬಾರ್ಬೆಕ್ಯೂ ಮತ್ತು ಸ್ಟೇಕ್: ಆರು ಜನರಿಗೆ ಏನು, ಎಷ್ಟು, ಹೇಗೆ ಹೇಳಬೇಕು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಆಫೀಸ್ ಕೆಲಸದ ಮೇಲೆ ಬೆಂಗಳೂರಿನಿಂದ ಆರು ಜನ ಟೆಕ್ಸಾಸ್‌ನ ಆಸ್ಟಿನ್‌ಗೆ ಹೋಗುತ್ತಿದ್ದೇವೆ. ಒಂದು ಮಧ್ಯಾಹ್ನ ಅಲ್ಲಿನ ಹೊಗೆಯಲ್ಲಿ ಬೇಯಿಸಿದ ಮಾಂಸದ ಊಟ, ಇನ್ನೊಂದು ಸಂಜೆ ಒಳ್ಳೆಯ ಸ್ಟೇಕ್‌ಹೌಸ್ (ದಪ್ಪ ಮಾಂಸದ ತುಂಡನ್ನು ಬೆಂಕಿಯಲ್ಲಿ ಸುಟ್ಟು ಕೊಡುವ ಹೋಟೆಲ್) ಎಂದು ಯೋಜನೆ. ನಮ್ಮಲ್ಲಿ ಇಬ್ಬರು ಬೀಫ್ ತಿನ್ನುವುದಿಲ್ಲ, ಒಬ್ಬರು ಹಂದಿ ತಿನ್ನುವುದಿಲ್ಲ, ಒಬ್ಬರು ಪೂರ್ತಿ ಸಸ್ಯಾಹಾರಿ.

ಅಲ್ಲಿ ತೂಕದ ಲೆಕ್ಕದಲ್ಲಿ ಕೊಳ್ಳಬೇಕು ಅಂತ ಓದಿದೆ. ಆರು ಜನಕ್ಕೆ ಎಷ್ಟು ಸಾಕು? ಕೌಂಟರಿನಲ್ಲಿ ಏನಂತ ಹೇಳಬೇಕು? ಆಸ್ಟಿನ್‌ನ ಹೆಸರಾಂತ ಬಾರ್ಬೆಕ್ಯೂ ಅಂಗಡಿ ಫ್ರಾಂಕ್ಲಿನ್‌ನ ಸಾಲಿನಲ್ಲಿ ನಿಲ್ಲುವುದಾ, ಹತ್ತಿರದ ಲಾಕ್‌ಹಾರ್ಟ್ ಊರಿಗೆ ಹೋಗುವುದಾ? ಸ್ಟೇಕ್ ಎಷ್ಟು ಬೇಯಿಸಲು ಹೇಳಬೇಕು ಅನ್ನುವುದೂ ಗೊತ್ತಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಪೋಸ್ಟ್‌ಓಕ್:

ಮಧ್ಯ ಟೆಕ್ಸಾಸ್‌ನ ಬಾರ್ಬೆಕ್ಯೂ ಜಾಗಗಳು ನಡೆಯುವುದು ಮಾಂಸದಂಗಡಿಯ ಕ್ರಮದಲ್ಲಿ. 19ನೇ ಶತಮಾನದಲ್ಲಿ ಬಂದು ನೆಲೆಸಿದ ಜರ್ಮನ್ ಮತ್ತು ಚೆಕ್ ಜನರ ಮಾಂಸದಂಗಡಿಗಳಲ್ಲಿ, ಮಾರಾಟವಾಗದೆ ಉಳಿದದ್ದನ್ನು ಹೊಗೆಗೆ ಹಾಕಿ, ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಆ ಪದ್ಧತಿಯೇ ಇವತ್ತಿಗೂ ಉಳಿದಿದೆ. ಗೋಡೆಯ ಮೇಲೆ ಪೌಂಡಿನ ದರ, ಸಾಲಿನ ಕೊನೆಯಲ್ಲಿ ಕತ್ತರಿಸುವ ಹಲಗೆ. ನಿಮ್ಮ ಕಣ್ಣೆದುರೇ ಕತ್ತರಿಸಿ, ತೂಗಿ, ಟ್ರೇಗೆ ಹಾಕುತ್ತಾರೆ. ಜೊತೆಗೆ ಬಿಳಿ ಬ್ರೆಡ್ಡು, ಉಪ್ಪಿನ ಸೌತೆಕಾಯಿ, ಹಸಿ ಈರುಳ್ಳಿ.

ತಲೆಗೆ ಮೂರನೇ ಒಂದು ಪೌಂಡಿನಿಂದ ಅರ್ಧ ಪೌಂಡ್ ಸಾಕು (ಅರ್ಧ ಪೌಂಡ್ ಅಂದರೆ ಸುಮಾರು 225 ಗ್ರಾಂ). ಬೇಯಿಸಿದ ಮೇಲಿನ ತೂಕ ಇದು, ನೆಣವೂ ಧಾರಾಳ, ಹಾಗಾಗಿ ಬೇಗ ಹೊಟ್ಟೆ ತುಂಬುತ್ತದೆ. ನಿಮ್ಮ ಗುಂಪಿಗೆ ನಾನು ಹೇಳುವುದು: ಬ್ರಿಸ್ಕೆಟ್ (ದನದ ಎದೆಯ ಮಾಂಸ) 1 ಪೌಂಡ್, ಟರ್ಕಿ ಕೋಳಿ ಮುಕ್ಕಾಲು ಪೌಂಡ್, ಹಂದಿ ಪಕ್ಕೆಲುಬು 1 ಪೌಂಡ್ (ಮೂರು ನಾಲ್ಕು ಎಲುಬು ಬರುತ್ತದೆ), ಒಂದು ಸಾಸೇಜ್. ದನದ ಪಕ್ಕೆಲುಬು ನೋಡಿದ ಕೂಡಲೇ ಆಸೆಯಾಗುತ್ತದೆ, ಆದರೆ ಒಂದೇ ಎಲುಬು 1ರಿಂದ 1.5 ಪೌಂಡ್ ತೂಗುತ್ತದೆ. ಅದು ಬೇಕೆಂದರೆ ಬ್ರಿಸ್ಕೆಟ್ ಅರ್ಧಕ್ಕೆ ಇಳಿಸಿ. ಬ್ರಿಸ್ಕೆಟ್ ದರ ಹೆಸರಾಂತ ಅಂಗಡಿಗಳಲ್ಲಿ ಈಗ ಪೌಂಡಿಗೆ 30 ಡಾಲರ್ ಆಚೀಚೆ ಇದೆ. ಸುಮ್ಮನೆ ಹೆಚ್ಚು ಹೇಳಬೇಡಿ.

ಬ್ರಿಸ್ಕೆಟ್ ಅಂದರೆ ದನದ ಎದೆಯ ಸ್ನಾಯು. ಅದರಲ್ಲಿ ಎರಡು ಭಾಗ. ಚಪ್ಪಟೆ ಭಾಗಕ್ಕೆ "ಲೀನ್" ಅನ್ನುತ್ತಾರೆ, ನೆಣ ಕಡಿಮೆ. ಅದರ ಮೇಲೆ ಕೂರುವ ದಪ್ಪ ಭಾಗಕ್ಕೆ "ಮಾಯಿಸ್ಟ್", ಕೆಲವು ಕಡೆ "ಫ್ಯಾಟಿ". ನೀವು ಏನೂ ಹೇಳದಿದ್ದರೆ ಕತ್ತರಿಸುವವರು ತಮಗೆ ಅನುಕೂಲವಾದದ್ದನ್ನು ಕೊಡಬಹುದು. "ಅರ್ಧ ಪೌಂಡ್ ಮಾಯಿಸ್ಟ್, ಅರ್ಧ ಪೌಂಡ್ ಲೀನ್" ಎಂದು ಬಿಡಿಸಿ ಹೇಳಿ. ಒಂದನ್ನೇ ಆರಿಸಬೇಕು ಅಂದರೆ ಮಾಯಿಸ್ಟ್. ಲೀನ್ ಭಾಗವನ್ನು ಕತ್ತರಿಸಿ ಹತ್ತು ನಿಮಿಷ ಬಿಟ್ಟರೂ ಒಣಗುತ್ತದೆ.

ಎದೆಯ ಸ್ನಾಯು ದಿನವಿಡೀ ಮೈಭಾರ ಹೊರುವಂಥದ್ದು, ಕೊಲಾಜನ್ (ಮಾಂಸವನ್ನು ಗಟ್ಟಿಯಾಗಿಸುವ ನಾರು) ತುಂಬಿರುತ್ತದೆ. ಅದು ಕರಗಿ ಜೆಲಟಿನ್ ಆಗಲು ಹೊತ್ತು ಬೇಕು. ಅದಕ್ಕೇ ಉಪ್ಪು, ಕರಿಮೆಣಸು ಮಾತ್ರ ಸವರಿ, ಪೋಸ್ಟ್ ಓಕ್ ಸೌದೆಯ ಬೆಂಕಿಯಲ್ಲಿ 225ರಿಂದ 275 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ (ಸುಮಾರು 107ರಿಂದ 135 ಸೆಲ್ಸಿಯಸ್) 12 ಗಂಟೆಗೂ ಮೀರಿ ಇಡುತ್ತಾರೆ. ಒಳಗಿನ ಉಷ್ಣತೆ 150-170 ಫ್ಯಾರನ್‌ಹೀಟ್ ಮುಟ್ಟಿದಾಗ ಗಂಟೆಗಟ್ಟಲೆ ಮೇಲೇರದೆ ನಿಂತುಬಿಡುತ್ತದೆ. ಮಾಂಸದ ನೀರು ಆವಿಯಾಗುತ್ತಾ ತಂಪು ಮಾಡುವುದೇ ಕಾರಣ. ಅಲ್ಲಿಂದ ಮುಂದೆ ಬುಚರ್ ಪೇಪರಿನಲ್ಲಿ (ಮಾಂಸ ಕಟ್ಟುವ ದಪ್ಪ ಕಾಗದ) ಸುತ್ತಿ, 200 ದಾಟಿಸಿ, ಇಳಿಸಿ, ಬೆಚ್ಚಗೆ ಕೆಲವು ಗಂಟೆ ವಿಶ್ರಾಂತಿಗೆ ಇಡುತ್ತಾರೆ. ಅಂದರೆ ನೀವು ಮಧ್ಯಾಹ್ನ ತಿನ್ನುವುದು ಹಿಂದಿನ ದಿನವೇ ಬೆಂಕಿ ಕಂಡದ್ದು. ಖಾಲಿಯಾದರೆ ಮತ್ತೆ ಮಾಡಿಕೊಡಲು ಸಾಧ್ಯವೇ ಇಲ್ಲ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ ಅಂತ ಎಲ್ಲರೂ ಹೇಳುವುದು ಇದಕ್ಕೇ.

ಟ್ರೇಗೆ ಹಾಕಿದ ಮೇಲೆ ಒಂದು ಲೀನ್ ಹೋಳನ್ನು ಬೆರಳಿನ ಮೇಲೆ ಜೋತುಬಿಡಿ. ಮುರಿಯದೆ ಬಾಗಬೇಕು, ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದರೆ ಬಿಟ್ಟುಕೊಳ್ಳಬೇಕು. ರಬ್ಬರಿನಂತೆ ಎಳೆದರೆ ಬೆಂದಿಲ್ಲ, ಮುಟ್ಟಿದರೆ ಪುಡಿಯಾದರೆ ಅತಿಯಾಗಿ ಬೆಂದಿದೆ. ಅಂಚಿನ ಗುಲಾಬಿ ಉಂಗುರ ನೋಡಿ ಮಾರುಹೋಗಬೇಡಿ. ಸೌದೆಯ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಜೊತೆ ಸೇರಿ ಬರುವ ಬಣ್ಣ ಅದು. ರುಚಿಗೂ ಹದಕ್ಕೂ ಅದು ಸಾಕ್ಷಿಯಲ್ಲ.

ಫ್ರಾಂಕ್ಲಿನ್, ಲಾಕ್‌ಹಾರ್ಟ್ ವಿಷಯ: ಫ್ರಾಂಕ್ಲಿನ್ 2009ರಲ್ಲಿ ಟ್ರೇಲರ್ ಗಾಡಿಯಲ್ಲಿ ಶುರುವಾದದ್ದು, ಆರನ್ ಫ್ರಾಂಕ್ಲಿನ್ ಅವರಿಗೆ 2015ರಲ್ಲಿ ಅಮೆರಿಕದ ಅಡುಗೆಲೋಕದ ದೊಡ್ಡ ಗೌರವವಾದ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು, ಸಾಲು ಗಂಟೆಗಟ್ಟಲೆ. ಆರು ಜನ ಕೆಲಸದ ನಡುವೆ ಹೋಗುವುದಾದರೆ ಆ ಸಾಲು ಲಾಭದ್ದಲ್ಲ ಅನ್ನುವುದು ನನ್ನ ಮತ. ಲಾಕ್‌ಹಾರ್ಟ್ ಆಸ್ಟಿನ್‌ನಿಂದ ದಕ್ಷಿಣಕ್ಕೆ ಸುಮಾರು 30 ಮೈಲಿ. 1900ರ ಕ್ರೂಟ್ಸ್ ಮಾರ್ಕೆಟ್, 1932ರ ಬ್ಲ್ಯಾಕ್ಸ್, ಕ್ರೂಟ್ಸ್‌ನ ಹಳೆಯ ಕಟ್ಟಡದಲ್ಲೇ ಇರುವ ಸ್ಮಿಟ್ಟೀಸ್, ಮೂರೂ ಒಂದೇ ಪುಟ್ಟ ಊರಲ್ಲಿವೆ. ಸ್ಮಿಟ್ಟೀಸ್‌ನಲ್ಲಿ ಒಳಗೆ ಕಾಲಿಟ್ಟ ಕೂಡಲೇ ನೆಲದ ಮೇಲೆ ಉರಿಯುವ ಬೆಂಕಿ, ಪಕ್ಕದಲ್ಲೇ ಮಾಂಸ ಬೇಯುವ ಇಟ್ಟಿಗೆಯ ಒಲೆಗಳು (ಪಿಟ್). ಈ ಊಟ ಎಲ್ಲಿಂದ ಬಂತು ಅಂತ ಕಣ್ಣಾರೆ ನೋಡಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮಡಿಕೇರಿ_ಮಳೆ:

ಪೋಸ್ಟ್‌ಓಕ್ ಅವರು ಚೆನ್ನಾಗಿ ಹೇಳಿದ್ದಾರೆ, ಆದರೆ ಊಟದ ಕಟ್ಟುಪಾಡು ಇರುವವರ ಬಗ್ಗೆ ಇನ್ನಷ್ಟು ಹೇಳಲೇಬೇಕು. ಟರ್ಕಿ ತೆಗೆದುಕೊಂಡರೆ ಮುಗಿಯಿತು ಅಂದುಕೊಳ್ಳಬೇಡಿ.

ಮೊದಲು ಸಾಸೇಜ್. ಟೆಕ್ಸಾಸ್‌ನ ಸಾಸೇಜ್ ಬಹಳ ಕಡೆ ಬೀಫ್, ಕೆಲವು ಕಡೆ ಬೀಫ್ ಮತ್ತು ಹಂದಿ ಬೆರಕೆ. ಪೂರ್ತಿ ಬೀಫ್ ಅಂದರೂ ಹೊರಗಿನ ತೊಗಲು ಸಾಮಾನ್ಯವಾಗಿ ಹಂದಿಯ ಕರುಳು. ಹಾಗಾಗಿ ನಿಮ್ಮ ಗುಂಪಿನ ಮೂವರಿಗೂ ಸಾಸೇಜ್ ಸಂಶಯದ್ದೇ. ಒಳಗೆ ಏನಿದೆ ಅನ್ನುವುದರ ಜೊತೆ ಹೊರಗಿನ ತೊಗಲು ಯಾವುದು ಅಂತಲೂ ಕೇಳಿ.

ಎರಡನೆಯದು ಹಲಗೆ. ಟರ್ಕಿಯನ್ನೂ ಬ್ರಿಸ್ಕೆಟ್ಟನ್ನೂ ಒಂದೇ ಹಲಗೆಯ ಮೇಲೆ, ಒಂದೇ ಚಾಕುವಿನಲ್ಲಿ, ಅದೇ ಕೈಗವಸಿನಲ್ಲಿ ಕತ್ತರಿಸುತ್ತಾರೆ. ಬ್ರಿಸ್ಕೆಟ್ಟಿನ ನೆಣ ಹರಿದು ಹಲಗೆ ತುಂಬಾ ಹರಡಿರುತ್ತದೆ. ಬೀಫ್ ಮುಟ್ಟದವರ ಆರ್ಡರನ್ನು ಬೇರೆಯಾಗಿ, ಮೊದಲು ಹೇಳಿ. ಬೇರೆ ಹಲಗೆ, ಹೊಸ ಕೈಗವಸು, ಬೇರೆ ಟ್ರೇ ಕೇಳಿ. ಸಾಲಿನಲ್ಲಿ ನಿಂತಾಗಲೇ ಯಾರಿಗಾದರೂ ತಿಳಿಸಿದರೆ ಅವರಿಗೂ ಸುಲಭ. ಆದರೂ ಪಿಟ್ ಒಂದೇ ಇರುತ್ತದೆ. ಅಷ್ಟು ಕಟ್ಟುನಿಟ್ಟು ಇರುವವರು ಅಲ್ಲಿ ಊಟ ಮಾಡದಿರುವುದೇ ವಾಸಿ.

ಬೀನ್ಸ್‌ನಲ್ಲಿ ಬ್ರಿಸ್ಕೆಟ್ ಚೂರೋ ಬೇಕನ್ನೋ (ಉಪ್ಪು ಹಾಕಿದ ಹಂದಿಮಾಂಸ) ಇರುವುದೇ ಹೆಚ್ಚು. ಬೇಯಿಸಿದ ಸೊಪ್ಪಿನಲ್ಲಿ ಹಂದಿ. ಕಾರ್ನ್‌ಬ್ರೆಡ್ಡಿಗೂ ಪೈಗೂ ಹಂದಿ ಕೊಬ್ಬು ಹಾಕುವುದುಂಟು. ಆಲೂಗಡ್ಡೆ ಸಲಾಡಿನಲ್ಲಿ ಮೊಟ್ಟೆ, ಒಮ್ಮೊಮ್ಮೆ ಬೇಕನ್. ಸಸ್ಯಾಹಾರಿ ಸ್ನೇಹಿತರಿಗೆ ಉಳಿಯುವುದು ಕೋಸಿನ ಸಲಾಡ್, ಬ್ರೆಡ್ಡು, ಎಲ್ಲಾದರೂ ಮ್ಯಾಕ್ ಅಂಡ್ ಚೀಸ್. ಅದನ್ನು ಊಟ ಅನ್ನಲಾಗದು. ಅವರನ್ನು ಸಂಗಡಕ್ಕೆ ಕರೆದುಕೊಂಡು ಹೋಗಿ, ಆದರೆ ಊಟಕ್ಕೆ ಬೇರೆ ವ್ಯವಸ್ಥೆ ಮೊದಲೇ ಮಾಡಿ. ಅತಿಥಿಯನ್ನು ಉಪವಾಸ ಕೂರಿಸಿ ಉಳಿದವರು ತಿನ್ನುವುದು ಸರಿಯಲ್ಲ.

ಕೋಳಿ ತೆಗೆದುಕೊಂಡರೆ ಚರ್ಮದ ಕೆಳಗೆ ಗುಲಾಬಿ ಬಣ್ಣ ಕಾಣಬಹುದು. ಅದೂ ಹೊಗೆಯದೇ ಬಣ್ಣ, ಒಳಗೆ 165 ಫ್ಯಾರನ್‌ಹೀಟ್ ದಾಟಿದ್ದರೆ ಭಯವಿಲ್ಲ. ಕೀಲಿನಲ್ಲಿ ಮಾಂಸ ಎಲುಬಿಗೆ ಅಂಟಿಕೊಂಡು ಜಿಗುಟಾಗಿದ್ದರೆ ಮಾತ್ರ ವಾಪಸ್ ಕೊಡಿ.

ಇನ್ನೊಂದು ಮಾತು. ಕೊಡಗಿನಲ್ಲಿ ಒಲೆಯ ಮೇಲಿನ ಹೊಗೆಗೆ ಹಂದಿಮಾಂಸ ಇಟ್ಟು ಒಣಗಿಸುವುದು ಮಳೆಗಾಲಕ್ಕೆ ಉಳಿಸಿಕೊಳ್ಳಲು, ಅಲ್ಲಿ ಗಾಢ ಹೊಗೆವಾಸನೆಯೇ ಸಹಜ. ಟೆಕ್ಸಾಸ್‌ನಲ್ಲಿ ಹಾಗಲ್ಲ. ನಾಲಿಗೆ ಜುಮ್ಮೆಂದು ಕಹಿಯಾದರೆ ಬೆಂಕಿ ಸರಿಯಾಗಿ ಉರಿಯದೆ ಹೊಗೆಯಾಡಿದೆ ಎಂದರ್ಥ: ಹಸಿ ಸೌದೆ ಅಥವಾ ಗಾಳಿ ಸಾಲದ ಬೆಂಕಿ. ಹೊಗೆಕೊಳವೆಯಿಂದ ತೆಳು ನೀಲಿ ಹೊಗೆ ಬರುತ್ತಿದ್ದರೆ ಒಳ್ಳೆಯ ಅಂಗಡಿ, ದಟ್ಟ ಬಿಳಿ ಹೊಗೆ ಸದಾ ಉಗುಳುತ್ತಿದ್ದರೆ ನಾನಂತೂ ಮುಂದಿನದಕ್ಕೆ ಹೋಗಿ ಅನ್ನುತ್ತೇನೆ.

ಡಲ್ಲಾಸ್_ದಾವಣಗೆರೆ:

ಸ್ಟೇಕ್ ಬಗ್ಗೆ ಬರೆಯುತ್ತೇನೆ. ಬ್ರಿಸ್ಕೆಟ್‌ಗೆ ಹೇಳಿದ್ದೆಲ್ಲ ಇಲ್ಲಿ ತಿರುಗುಮುರುಗು. ಅದು ಗಟ್ಟಿ ಮಾಂಸ, ನಿಧಾನದ ಬೆಂಕಿ. ಇದು ಮೃದು ಮಾಂಸ, ಜೋರು ಬೆಂಕಿ, ಹತ್ತು ಹದಿನೈದು ನಿಮಿಷದ ಕೆಲಸ. ಟೆಕ್ಸಾಸ್‌ನಲ್ಲಿ ಗ್ರಿಲ್‌ಗೆ ಮೆಸ್ಕೀಟ್ ಸೌದೆ ಹಾಕುತ್ತಾರೆ. ಕೆಂಡ ತುಂಬಾ ಕಾಯುತ್ತದೆ, ಹೊಗೆ ಖಾರ. ಅದರಲ್ಲೇ 12 ಗಂಟೆ ಇಟ್ಟರೆ ಮಾಂಸ ಕಹಿಯಾಗುತ್ತದೆ, ಕೆಲವು ನಿಮಿಷಕ್ಕಾದರೆ ಸೊಗಸು.

ಬೇಯುವ ಹದ, ಒಳಗಿನ ಉಷ್ಣತೆಯ ಲೆಕ್ಕದಲ್ಲಿ: ಎಲ್ಲಕ್ಕಿಂತ ಕಡಿಮೆ ಬೆಂದ ರೇರ್ ಸುಮಾರು 125 ಫ್ಯಾರನ್‌ಹೀಟ್ (52 ಸೆಲ್ಸಿಯಸ್), ಮೀಡಿಯಂ ರೇರ್ 130-135 (54-57), ಮೀಡಿಯಂ 140-145 (60-63), ಮೀಡಿಯಂ ವೆಲ್ 150-155 (66-68), ಪೂರ್ತಿ ಬೆಂದ ವೆಲ್‌ಡನ್ 160 (71) ಮೇಲೆ. ಅಮೆರಿಕದ ಕೃಷಿ ಇಲಾಖೆಯ ಸುರಕ್ಷತಾ ಸಲಹೆ 145 ಮುಟ್ಟಿಸಿ ಮೂರು ನಿಮಿಷ ಬಿಡಿ ಎಂದು. ಮೊದಲ ಸಲ ತಿನ್ನುವವರಿಗೆ ಮೀಡಿಯಂ ಹೇಳಿ. ಎಲ್ಲರೂ ಮೀಡಿಯಂ ರೇರ್ ಅನ್ನುತ್ತಾರೆಂದು ಒತ್ತಾಯಕ್ಕೆ ಹೇಳಿ, ತಟ್ಟೆ ಮುಂದೆ ಬಂದಾಗ ಮುಖ ಸಿಂಡರಿಸುವುದು ಬೇಡ. ತಟ್ಟೆಯಲ್ಲಿ ಹರಿಯುವ ಕೆಂಪು ನೀರು ರಕ್ತವಲ್ಲ, ಮಯೋಗ್ಲೋಬಿನ್ ಇರುವ ಮಾಂಸದ ರಸ.

ಯಾವ ತುಂಡು ಅನ್ನುವುದೂ ಇದಕ್ಕೆ ತಕ್ಕ ಹಾಗೆ. ಫಿಲೆ (ಬೆನ್ನೆಲುಬಿನ ಒಳಬದಿಯ ತುಂಡು) ಬಹಳ ಮೃದು, ನೆಣ ಕಡಿಮೆ. ಹೆಚ್ಚು ಬೇಯಿಸಿದರೆ ಹತ್ತಿ ಜಗಿದಂತೆ. ಪಕ್ಕೆಲುಬಿನ ಭಾಗದ ತುಂಡಾದ ರಿಬ್‌ಐನ ಒಳಗೆಲ್ಲ ನೆಣದ ಎಳೆ ಹರಡಿರುತ್ತದೆ, ಅದು ಕರಗಬೇಕಾದರೆ ಮೀಡಿಯಂ ಬೇಕು. ಚೆನ್ನಾಗಿ ಬೆಂದದ್ದೇ ಇಷ್ಟಪಡುವವರು ಕಣ್ಣುಮುಚ್ಚಿ ರಿಬ್‌ಐ ಹೇಳಿ. ದಪ್ಪ ಫಿಲೆಯನ್ನೇ ವೆಲ್‌ಡನ್ ಬೇಕೆಂದರೆ ನಡುವೆ ಸೀಳಿ ಬೇಯಿಸಲು ಕೇಳಬಹುದು, ಇಲ್ಲವಾದರೆ ಒಳಗೆ ಬೇಯುವಷ್ಟರಲ್ಲಿ ಹೊರಗೆ ಸೀಯುತ್ತದೆ. ಪೋರ್ಟರ್‌ಹೌಸ್ ಅನ್ನುವ ಎಲುಬಿನ ತುಂಡಿನಲ್ಲಿ ಎಲುಬಿನ ಒಂದು ಬದಿ ಸ್ಟ್ರಿಪ್ (ಬೆನ್ನಿನ ಮಾಂಸ), ಇನ್ನೊಂದು ಬದಿ ಫಿಲೆ. ಎರಡೂ ಬದಿ ಒಂದೇ ವೇಗದಲ್ಲಿ ಬೇಯುವುದಿಲ್ಲ ಅನ್ನುವುದು ಅದರ ತೊಡಕು, ಆದರೆ ಹಂಚಿಕೊಳ್ಳಲು ಅದೇ ಚೆನ್ನ. ಮೆನುವಿನಲ್ಲಿರುವ ಔನ್ಸ್ ಲೆಕ್ಕ ಬೇಯಿಸುವ ಮೊದಲಿನದು, ಎಲುಬೂ ಸೇರಿ. 16 ಔನ್ಸ್ ಅಂದರೆ 450 ಗ್ರಾಂ ಹತ್ತಿರ, ನಮ್ಮ ಅಭ್ಯಾಸಕ್ಕೆ ಇಬ್ಬರಿಗೆ ಸಾಕು.

ತಟ್ಟೆ ಬಂದ ಕೂಡಲೇ ಅಂಚನ್ನು ಬಿಟ್ಟು ನಡುವೆ ಕತ್ತರಿಸಿ ನೋಡಿ. ಕಡಿಮೆ ಬೆಂದಿದ್ದರೆ ಮತ್ತೆ ಬೆಂಕಿಗೆ ಹಾಕಬಹುದು, ಹೆಚ್ಚು ಬೆಂದದ್ದನ್ನು ಹಿಂದಕ್ಕೆ ತರಲಾಗದು. ಸಂಶಯವಿದ್ದರೆ ಒಂದು ಹದ ಕೆಳಗೇ ಹೇಳಿ. ರೂತ್ಸ್ ಕ್ರಿಸ್‌ನಂಥ ಸ್ಟೇಕ್‌ಹೌಸ್‌ಗಳಲ್ಲಿ ತಟ್ಟೆಯನ್ನೇ 500 ಫ್ಯಾರನ್‌ಹೀಟ್‌ಗೆ ಕಾಯಿಸಿ ತರುತ್ತಾರೆ, ಮಾಂಸ ಅದರ ಮೇಲೂ ಬೇಯುತ್ತಲೇ ಇರುತ್ತದೆ. ನಿಧಾನವಾಗಿ ತಿನ್ನುವವರು ಬಿಸಿ ಕಡಿಮೆ ಇರುವ ತಟ್ಟೆ ಕೇಳಿ.

ಬೀಫ್ ತಿನ್ನದವರಿಗೆ ಸಾಲ್ಮನ್, ಕೋಳಿ, ಕುರಿಯ ಚಾಪ್ಸ್ ಇರುತ್ತದೆ. ಗ್ರಿಲ್ ಬದಲು ಬೇರೆ ಬಾಣಲೆಯಲ್ಲಿ ಮಾಡಿಕೊಡಿ ಎಂದು ಕೇಳಿ. ಸಸ್ಯಾಹಾರಿಗಳಿಗೆ ಬೇಕ್ಡ್ ಪೊಟೇಟೊ (ಬೇಕನ್ ಇಲ್ಲದೆ), ಕ್ರೀಮ್ ಹಾಕಿದ ಪಾಲಕ್, ಆಸ್ಪರಾಗಸ್. ಫ್ರೆಂಚ್ ಫ್ರೈಸ್ ಕೆಲವು ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಈರುಳ್ಳಿ ಸೂಪಿಗೆ ಬೀಫ್ ಸಾರು, ಸೀಸರ್ ಸಲಾಡಿನಲ್ಲಿ ಆಂಚೋವಿ ಮೀನು. ಪ್ರತಿಯೊಂದನ್ನೂ ಕೇಳಿ, ಯಾರೂ ಬೇಸರಪಡುವುದಿಲ್ಲ. ಸೈಡ್‌ಗಳಿಗೆ (ಸ್ಟೇಕ್ ಜೊತೆಗಿನ ತಿನಿಸು) ಬೇರೆ ದರ, ಒಂದೊಂದೂ ಎರಡು ಮೂರು ಜನಕ್ಕಾಗುತ್ತದೆ, ಆರು ಜನಕ್ಕೆ ಮೂರು ಸಾಕು.

ಬಿಲ್ಲಿಗೆ ತೆರಿಗೆ 8.25 ಶೇಕಡಾ, ಟಿಪ್ಸ್ 18ರಿಂದ 20 ಶೇಕಡಾ ಸೇರಿಸಿಕೊಳ್ಳಿ. ಆರು ಜನರ ಟೇಬಲ್‌ಗೆ ಟಿಪ್ಸ್ ಮೊದಲೇ ಸೇರಿಸಿರಬಹುದು, ಬಿಲ್ ಓದಿ ಕೊಡಿ.

ತುಂಗಾತೀರ:

ಮೂವರಿಗೂ ತುಂಬಾ ಧನ್ಯವಾದ. ಬುಧವಾರ ಲಾಕ್‌ಹಾರ್ಟ್, ಗುರುವಾರ ಸಂಜೆ ಸ್ಟೇಕ್ ಅಂತ ಇಟ್ಟುಕೊಂಡೆವು. ಸಾಸೇಜ್ ಬಿಟ್ಟು ಟರ್ಕಿಯನ್ನು ಮೊದಲು ಬೇರೆ ಟ್ರೇಗೆ ಹೇಳುತ್ತೇವೆ. ಎರಡು ಸಣ್ಣ ಪ್ರಶ್ನೆ. ಬ್ರಿಸ್ಕೆಟ್‌ಗೆ ಸಾಸ್ ಹಾಕಿಕೊಳ್ಳಬೇಕಾ? ಉಳಿದರೆ ಹೋಟೆಲ್ ರೂಮಿನಲ್ಲಿ ಮೈಕ್ರೋವೇವ್ ಮಾತ್ರ ಇದೆ, ಏನು ಮಾಡುವುದು? ಊರಿಗೆ ತರಲು ಆಗುತ್ತದಾ?

ಪೋಸ್ಟ್‌ಓಕ್:

ಮೊದಲ ತುತ್ತು ಸಾಸ್ ಇಲ್ಲದೆ. ಕ್ರೂಟ್ಸ್ ದಶಕಗಳ ಕಾಲ ಸಾಸೂ ಇಲ್ಲ, ಫೋರ್ಕೂ ಇಲ್ಲ ಎಂದೇ ನಡೆದದ್ದು. ಮಾಯಿಸ್ಟ್ ಹೋಳಿಗೆ ಉಪ್ಪಿನ ಸೌತೆಕಾಯಿ ಮತ್ತು ಈರುಳ್ಳಿಯೇ ಸರಿಯಾದ ಜೋಡಿ, ಹುಳಿ ನೆಣವನ್ನು ಕಡಿಯುತ್ತದೆ. ಲೀನ್ ಒಣಗಿದೆ ಅನ್ನಿಸಿದರೆ ಸಾಸ್ ಬದಿಯಲ್ಲಿಟ್ಟು ಅದ್ದಿಕೊಳ್ಳಿ.

ಉಳಿಯುತ್ತದೆ ಅಂತ ಮೊದಲೇ ಅನ್ನಿಸಿದರೆ ಕೊನೆಯ ಅರ್ಧ ಪೌಂಡನ್ನು ಹೋಳು ಮಾಡಿಸದೆ ಇಡೀ ತುಂಡಾಗಿ ಕಟ್ಟಿಸಿಕೊಳ್ಳಿ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು, ಟೆಕ್ಸಾಸ್ ಬಿಸಿಲಿನಲ್ಲಿ ಕಾರಿನಲ್ಲಿ ಬಿಟ್ಟು ಊರು ಸುತ್ತಬೇಡಿ. ತಿನ್ನುವಾಗ ತಣ್ಣಗಿರುವಾಗಲೇ ಎಳೆಗೆ ಅಡ್ಡವಾಗಿ ಕತ್ತರಿಸಿ, ಒದ್ದೆ ಪೇಪರ್ ಟವೆಲ್ ಮುಚ್ಚಿ, ಮೈಕ್ರೋವೇವ್ ಅರ್ಧ ಪವರ್‌ನಲ್ಲಿ 30 ಸೆಕೆಂಡಿನಂತೆ ಚೆನ್ನಾಗಿ ಬಿಸಿಯಾಗುವವರೆಗೆ ಇಡಿ. ಪೂರ್ತಿ ಪವರ್ ಕೊಟ್ಟರೆ ನೆಣ ಸಿಡಿದು ಮಾಂಸ ಚರ್ಮದಂತಾಗುತ್ತದೆ. ಭಾರತಕ್ಕೆ ಬೀಫ್ ತರುವುದು ನಿಷಿದ್ಧ, ಆ ಯೋಚನೆ ಬಿಡಿ. ಅಲ್ಲೇ ಮೂರು ನಾಲ್ಕು ದಿನದೊಳಗೆ ತಿಂದು ಮುಗಿಸಿ.